ಬಹುಮಾನ ಶೋಕೇಸಿಗೆ, ಕಲೆ ಮಕ್ಕಳ ಕೈಗೆ

ಡಿಸೆಂಬರ್ ಬಂತೆಂದರೆ ನಮ್ಮ ಕರಾವಳಿಯ ಶಾಲೆಗಳಲ್ಲಿ ಎರಡು ಸುದ್ದಿ. ಒಂದು, ಪ್ರತಿಭಾ ಕಾರಂಜಿಯಲ್ಲಿ ಯಾರ ಮಗು ಮುಂದಿನ ಹಂತಕ್ಕೆ ಹೋಯಿತು ಅನ್ನುವುದು. ಇನ್ನೊಂದು, ಈ ಸಲ ಪ್ರವಾಸ ಎಲ್ಲಿಗೆ ಅನ್ನುವುದು. ಎರಡನೆಯ ಪ್ರಶ್ನೆಗೆ ಅನೇಕ ಶಾಲೆಗಳಲ್ಲಿ ಸಿಗುವ ಉತ್ತರ: ಹಂಪಿ. ರಾತ್ರಿ ಇಲ್ಲಿಂದ ಹೊರಟ ಬಸ್ಸು ಬೆಳಗಾಗುವಾಗ ಹೊಸಪೇಟೆ ಸೇರುತ್ತದೆ. ಅಲ್ಲಿಂದ ಕಮಲಾಪುರದ ದಾರಿ ಹಿಡಿದರೆ ಮಲಪನಗುಡಿ ಎಂಬ ಊರು ಸಿಗುತ್ತದೆ. ಮಲ್ಲಪ್ಪನ ಗುಡಿ ಇರುವ ಊರಾದ್ದರಿಂದ ಆ ಹೆಸರು. ಆ ಸೀಮೆಯಲ್ಲಿ ಬಾಳೆ, ಕಬ್ಬು, ಕಾಲುವೆಯ ನೀರು. ಊರಿನಲ್ಲಿ ವಿಜಯನಗರ ಕಾಲದ ಒಂದು ದೊಡ್ಡ ಬಾವಿಯೂ ಉಂಟು, ಮೆಟ್ಟಿಲು ಕಮಾನುಗಳಿರುವಂಥದ್ದು. ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುವುದು ಕಡಿಮೆ. ಮಕ್ಕಳಿಗೂ ಅರ್ಧ ನಿದ್ದೆ.

ಈ ವಾರ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಮಾತಾಡುವ. ಯಾಕೆಂದರೆ ಹಾಡಿಗೆ, ಚಿತ್ರಕ್ಕೆ, ಮಣ್ಣಿನ ಗೊಂಬೆಗೆ ಬಹುಮಾನ ತಂದ ಮಕ್ಕಳೇ ಆ ಬಸ್ಸಿನಲ್ಲೂ ಕೂತಿರುತ್ತಾರೆ. ನಾವು ಅವರ ಕಪ್ ಹಿಡಿದ ಫೋಟೋವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ 'ಮಾಷಾ ಅಲ್ಲಾಹ್' ಅನ್ನುತ್ತೇವೆ. ಸಂತೋಷವೇ. ಆದರೆ ಆ ಕಲೆ ಮುಂದೆ ಎಲ್ಲಿಗೆ ಹೋಯಿತು ಎಂದು ಎರಡು ವರ್ಷ ಕಳೆದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರ ಇರುವುದಿಲ್ಲ. ನಾವು ಮಾತಾಡಬೇಕಾದದ್ದು ಅದನ್ನೇ.

ಮಲಪನಗುಡಿಯ ದಾರಿಯಲ್ಲಿ ಕಾಣುವುದೆಂತ?

ಮೊದಲು ಪ್ರವಾಸದ ವಿಚಾರ. ಮಲಪನಗುಡಿ ದಾಟಿ ಹಂಪಿಯೊಳಗೆ ಬಂದ ಮಗುವಿಗೆ ಅಲ್ಲಿರುವುದು ಹಾಳು ಕಲ್ಲುಗಳ ರಾಶಿ ಎಂದು ಅನ್ನಿಸಿದರೆ ತಪ್ಪು ಮಗುವಿನದ್ದಲ್ಲ. ನೋಡುವುದನ್ನು ನಾವು ಕಲಿಸಿಲ್ಲ. ಚಿತ್ರ ಬಿಡಿಸುವ ಮಗುವಿಗಾದರೆ ಅದು ದೊಡ್ಡ ಪಾಠಶಾಲೆ. ಆನೆ ಲಾಯದಲ್ಲಿ ಸಾಲಾಗಿ 11 ಕೋಣೆಗಳು. ಮೇಲಿನ ಗುಮ್ಮಟಗಳು ಎಲ್ಲಾ ಒಂದೇ ತರ ಅಲ್ಲ. ಯಾವುದು ಯಾವುದಕ್ಕೆ ಜೋಡಿ ಎಂದು ನೋಡಿ ಬರೆಯಲು ಹೇಳಿದರೆ ಸಮ್ಮಿತಿ ಎಂಬ ಗಣಿತದ ಪಾಠ ಅಲ್ಲೇ ಆಯಿತು. ಕಮಲ ಮಹಲಿನಲ್ಲಿ ಕೆಳಗೆ ಕಮಾನು, ಮೇಲೆ ದೇವಸ್ಥಾನದ ಶಿಖರದ ಹಾಗಿನ ಮಾಡು. ಎರಡು ಬಗೆಯ ಕಟ್ಟಡ ಕಲೆ ಒಂದೇ ಗೋಡೆಯಲ್ಲಿ ಕೂಡಿಕೊಂಡಿದೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥವಂತೂ ನಮ್ಮ ಕಿಸೆಯಲ್ಲೇ ಉಂಟು, ಹೊಸ 50 ರೂಪಾಯಿ ನೋಟಿನ ಹಿಂದೆ.

ಮಹಾನವಮಿ ದಿಬ್ಬದ ಬದಿಯ ಕಲ್ಲುಗಳಲ್ಲಿ ಆನೆ, ಒಂಟೆ, ಕುದುರೆ, ಬೇಟೆಗಾರರು, ಕುಣಿಯುವವರ ಸಾಲು ಕೆತ್ತಿದ್ದಾರೆ. ಹೊರದೇಶದಿಂದ ಬಂದ ಟೊಪ್ಪಿಯವರೂ ಅಲ್ಲಿ ಇದ್ದಾರೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬ್ ನಾಡಿನಿಂದ ಸಮುದ್ರ ದಾಟಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದು, ಘಟ್ಟ ಹತ್ತಿ ಹೋಗುತ್ತಿದ್ದವು. ವ್ಯಾಪಾರವನ್ನೇ ಹೆಸರಿನಲ್ಲಿ ಹೊತ್ತುಕೊಂಡ ನಮ್ಮ ಸಮುದಾಯದ ಮಗುವಿಗೆ ಈ ಕೆತ್ತನೆ ಬೇರೆಯವರ ಕಥೆ ಅಲ್ಲ.

ಇನ್ನೊಂದು ಸಂಗತಿ. 1443ರಲ್ಲಿ ಪರ್ಷಿಯಾದ ಅಬ್ದುರ್ರಝಾಕ್ ಎಂಬ ರಾಯಭಾರಿ ವಿಜಯನಗರಕ್ಕೆ ಬಂದದ್ದು ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದಿಳಿದು, ಇಲ್ಲಿಂದ ಘಟ್ಟ ಹತ್ತಿ. ಆಗ ಇಮ್ಮಡಿ ದೇವರಾಯ ರಾಜ. ಮಹಾನವಮಿ ಹಬ್ಬದ ವರ್ಣನೆಯಲ್ಲಿ ಅವನು ಹಾಡುವವರನ್ನು, ಕಥೆ ಹೇಳುವವರನ್ನು, ಕುಣಿಯುವ ಹುಡುಗಿಯರನ್ನು, ಆನೆಗಳ ಕಸರತ್ತನ್ನು ಕಣ್ಣರಳಿಸಿ ಬರೆದಿದ್ದಾನೆ. ಮಂಟಪಗಳ ಮೇಲಿನ ಚಿತ್ರಗಳಲ್ಲಿ ಮನುಷ್ಯರು, ಮೃಗಪಕ್ಷಿಗಳಿಂದ ಹಿಡಿದು ನೊಣ, ಸೊಳ್ಳೆಯ ತನಕ ನಾಜೂಕಾಗಿ ಬಿಡಿಸಿದ್ದರು ಎಂದೂ ಹೇಳಿದ್ದಾನೆ. ಸೊಳ್ಳೆಯನ್ನು ಬಿಡಿಸಿದ ಚಿತ್ರಗಾರನೂ ದೊಡ್ಡವನು, ಅದನ್ನು ಗಮನಿಸಿ ಬರೆದಿಟ್ಟ ಪ್ರಯಾಣಿಕನೂ ದೊಡ್ಡವನು. ಆ ಮಂಟಪಗಳ ಚಿತ್ರಗಳ ಸುದ್ದಿ ನಮಗೆ ತಲುಪಿದ್ದು ಇಂಥ ಬರಹದಿಂದಲೇ.

ಅದಕ್ಕೆ ನಾಲ್ಕು ವರ್ಷ ಮೊದಲು, 1439ರಲ್ಲಿ, ಅದೇ ದೇವರಾಯನ ಅಧಿಕಾರಿ ಅಹ್ಮದ್ ಖಾನ್ ಅಲ್ಲಿ ಒಂದು ಕಟ್ಟಡ ಕಟ್ಟಿಸಿದ. ಈಗ ಅದನ್ನು ಅಹ್ಮದ್ ಖಾನನ ಮಸೀದಿ ಅನ್ನುತ್ತಾರೆ. ಗುಮ್ಮಟ ಇಲ್ಲ, ಕಂಬಗಳ ಮಂಟಪದ ಹಾಗೆ ಕಾಣುತ್ತದೆ. ಅಲ್ಲಿನ ಶಾಸನ ಕನ್ನಡದಲ್ಲಿದೆ, ಅದರಲ್ಲಿ ಅದನ್ನು ಧರ್ಮಶಾಲೆ ಎಂದು ಕರೆದಿದೆ. ಪಕ್ಕದಲ್ಲೇ ಗುಮ್ಮಟವಿರುವ ಗೋರಿ. ಕನ್ನಡದ ಅಕ್ಷರ, ಊರಿನ ಕಲ್ಲು, ತನ್ನ ನಂಬಿಕೆ ಇವನ್ನೆಲ್ಲಾ ಒಟ್ಟಿಗೆ ಇಟ್ಟುಕೊಂಡು ಬದುಕಿದ ಒಬ್ಬ ಮನುಷ್ಯನ ಗುರುತು ಅದು. ನಮ್ಮ ಮಕ್ಕಳ ಸೆಲ್ಫಿಗಳ ನಡುವೆ ಇದರ ಒಂದು ಪೆನ್ಸಿಲ್ ಚಿತ್ರ ಇದ್ದರೆ ಎಷ್ಟು ಚಂದ.

ಆ ಸೀಮೆಯ ಮಕ್ಕಳ ಸುತ್ತಲಿನ ಕಲೆ

ಮಲಪನಗುಡಿಯ, ಹೊಸಪೇಟೆಯ, ಸಂಡೂರಿನ ಶಾಲೆಗಳ ಮಕ್ಕಳೂ ನಮ್ಮ ಮಕ್ಕಳ ಹಾಗೆಯೇ ಪ್ರತಿಭಾ ಕಾರಂಜಿಗೆ ತಯಾರಾಗುತ್ತಾರೆ. ಅವರ ಸುತ್ತ ಇರುವ ಕಲೆಯ ಆಸ್ತಿ ಬೇರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಸಂಡೂರು ಕಡೆಯ ದರೋಜಿಯ ಈರಮ್ಮ ಶಾಲೆಯ ಮೆಟ್ಟಿಲು ಹತ್ತದೆ ಬುರ್ರಕಥೆಗಳನ್ನು ನೆನಪಿನಿಂದಲೇ ಹಾಡಿದವರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಮುಹರ್ರಂ ತಿಂಗಳಲ್ಲಿ ಆ ಕಡೆಯ ಹಳ್ಳಿಗಳಲ್ಲಿ ಹಾಡುವ ರಿವಾಯತ್ ಪದಗಳು ಕನ್ನಡದಲ್ಲೇ ಇವೆ, ಹಾಡುವವರಲ್ಲಿ ಎಲ್ಲಾ ಜಾತಿಯವರೂ ಇದ್ದಾರೆ. ಅಲ್ಲಿನ ಮುಸ್ಲಿಂ ಮಕ್ಕಳಲ್ಲಿ ಬಹಳ ಮಂದಿಯ ಮನೆಮಾತು ಉರ್ದು. ನಮ್ಮ ಬ್ಯಾರಿ ಭಾಷೆ ಅವರಿಗೆ ಅರ್ಥವಾಗದು. ಆದರೆ ಸ್ಪರ್ಧೆಯ ಪಟ್ಟಿಯಲ್ಲಿ ಕವ್ವಾಲಿ, ಗಝಲ್ ಎಂದು ಬಂದಾಗ ಅವರೂ ನಾವೂ ಒಂದೇ ವೇದಿಕೆ.

ಪ್ರತಿಭಾ ಕಾರಂಜಿಯ ದೊಡ್ಡತನ ಇಲ್ಲೇ ಇರುವುದು. ಕ್ಲಸ್ಟರ್ ಮಟ್ಟದಲ್ಲಿ ಸುರುವಾಗಿ ತಾಲೂಕು, ಜಿಲ್ಲೆ, ರಾಜ್ಯದ ತನಕ ಹೋಗುವ ಈ ಸ್ಪರ್ಧೆಯಲ್ಲಿ ಕಂಠಪಾಠ ಉಂಟು, ಕಥೆ ಹೇಳುವುದು ಉಂಟು, ಅಭಿನಯ ಗೀತೆ, ಛದ್ಮವೇಷ, ಚಿತ್ರಕಲೆ, ಮಣ್ಣಿನ ಮಾದರಿ, ಮಿಮಿಕ್ರಿ, ಜನಪದ ಗೀತೆ, ಆಶುಭಾಷಣ ಎಲ್ಲಾ ಉಂಟು. ಧಾರ್ಮಿಕ ಪಠಣದಲ್ಲಿ ಸಂಸ್ಕೃತದ ಜೊತೆ ಅರೇಬಿಕ್ ಕೂಡ ಇದೆ. ಶಾಲೆಯ ಫೀಸು ನೋಡಿ ಅಲ್ಲ, ಮಗುವಿನ ಕೈಗುಣ, ಕಂಠ ನೋಡಿ ಅಂಕ. ಮೀನು ಮಾರುವವರ ಮಗಳೂ ವೈದ್ಯರ ಮಗಳೂ ಒಂದೇ ಹಾಲ್‌ನಲ್ಲಿ ಚಾಪೆ ಹಾಸಿ ಕೂತು ಬಣ್ಣ ಹಚ್ಚುತ್ತಾರೆ.

ನಮ್ಮ ಮಕ್ಕಳ ಮೊದಲ ಮೈಕ್

ನಮ್ಮ ಮಕ್ಕಳು ಈ ವೇದಿಕೆಗೆ ಖಾಲಿ ಕೈಯಲ್ಲಿ ಬರುವವರಲ್ಲ. ಬ್ಯಾರಿ ಮನೆಯ ಮಗುವಿನ ಕೈಗೆ ಮೊದಲು ಮೈಕ್ ಸಿಗುವುದು ಎಲ್ಲಿ ಹೇಳಿ? ಮದ್ರಸದ ಮೀಲಾದ್ ಕಾರ್ಯಕ್ರಮದಲ್ಲಿ. ಆರು ವರ್ಷದ ಮಗು ಬಿಳಿ ಟೊಪ್ಪಿ ಸರಿ ಮಾಡಿಕೊಂಡು, ಸಲಾಂ ಹೇಳಿ, ಒಂದು ನಿಮಿಷದ ಭಾಷಣವನ್ನು ಉಸಿರು ಬಿಡದೆ ಒಪ್ಪಿಸುವುದನ್ನು ನಾವೆಲ್ಲಾ ನೋಡಿದ್ದೇವೆ. ಕೆಳಗೆ ಕೂತ ಉಮ್ಮ ತುಟಿಯಲ್ಲೇ ಅದೇ ಭಾಷಣ ಹೇಳುತ್ತಿರುತ್ತಾರೆ. ದೊಡ್ಡ ಹುಡುಗರದ್ದು ದಫ್. ಹತ್ತು ಜನ ಒಂದೇ ಸಲ ಬಾಗಿ, ಒಂದೇ ಸಲ ಎದ್ದು, ಒಂದೇ ಪೆಟ್ಟು ಹಾಕಬೇಕಾದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಒಬ್ಬ ಮುಂದೆ ಓಡಿದರೆ ಇಡೀ ಸಾಲು ಕೆಡುತ್ತದೆ.

ಮದುವೆ ಮನೆಯ ಹಾಡು, ಕೋಲ್ಕಳಿ, ಉಮ್ಮಾಮ ಹೇಳುವ ಕಥೆಗಳು, ಪೆರ್ನಾಲಿನ ಹಿಂದಿನ ರಾತ್ರಿ ಸಾಲಾಗಿ ಕೂತ ಅತ್ತೆ, ಚಿಕ್ಕಮ್ಮಂದಿರ ಕೈಗೆ ಮೈಲಾಂಜಿ ಹಾಕುವ ಹುಡುಗಿ, ಇದೆಲ್ಲಾ ನಮ್ಮ ಮನೆಯ ಕಲೆಯೇ. ಆ ಹುಡುಗಿ ಸ್ಕೇಲು, ಪೆನ್ಸಿಲ್ ಇಲ್ಲದೆ ಬಳ್ಳಿ, ಹೂ, ಎಲೆಯನ್ನು ಅಂಗೈಯ ಅಳತೆಗೆ ಸರಿಯಾಗಿ ಕೂರಿಸುತ್ತಾಳೆ. ಅದನ್ನು ನಾವು 'ಅವಳಿಗೆ ಚಂದ ಮೈಲಾಂಜಿ ಹಾಕ್ಲಿಕ್ಕೆ ಬರ್ತದೆ' ಎಂದು ಹೇಳಿ ಬಿಡುತ್ತೇವೆ. ವಿನ್ಯಾಸ ಎಂದು ಹೇಳುವುದಿಲ್ಲ.

ಕೆಲವು ಮನೆಗಳಲ್ಲಿ ವಾದ್ಯ, ನೃತ್ಯ, ಹೆಣ್ಮಕ್ಕಳ ವೇದಿಕೆಯ ಬಗ್ಗೆ ಬೇರೆ ಅಭಿಪ್ರಾಯ ಉಂಟು. ಅದು ಆಯಾ ಮನೆಯ ವಿಚಾರ, ಅದಕ್ಕೆ ಜಗಳ ಬೇಡ. ಆದರೆ ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಮನೆಯ ಎಲ್ಲಾ ಬಾಗಿಲು ಮುಚ್ಚಬೇಕಾಗಿಲ್ಲ. ಕಥೆ ಬರೆಯಬಹುದು, ಮಣ್ಣಿನಲ್ಲಿ ಮಾಡಬಹುದು, ಬಟ್ಟೆಯಲ್ಲಿ ಹೊಲಿಯಬಹುದು, ಅಕ್ಷರ ಬರೆಯಬಹುದು. ಬೀದರಿನಲ್ಲಿ ಮಹಮೂದ್ ಗವಾನ್ 15ನೇ ಶತಮಾನದಲ್ಲಿ ಕಟ್ಟಿಸಿದ ಮದ್ರಸದ ಗೋಡೆಯ ಬಣ್ಣದ ಹೆಂಚುಗಳನ್ನು ನೋಡಿ. ಅಕ್ಷರವೇ ಅಲ್ಲಿ ಚಿತ್ರ. ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಗಳಲ್ಲಿಯೂ ಹಾಗೆಯೇ.

ಚಂದ್ರಗಿರಿಯ ಆಚೆಈಚೆ

ನಮ್ಮ ಬಂಧುಗಳು ಬಹಳ ಮಂದಿ ಇರುವ ಕಾಸರಗೋಡಿನ ಕಡೆ ನೋಡಿದರೆ ಒಂದು ಪಾಠ ಸಿಗುತ್ತದೆ. ಕೇರಳದ ಶಾಲಾ ಕಲೋತ್ಸವ 1957ರಲ್ಲಿ ಎರ್ನಾಕುಲಂನಲ್ಲಿ ಸಣ್ಣದಾಗಿ ಸುರುವಾಯಿತು. ಈಗ ಅದು ಐದು ದಿನ ನಡೆಯುವ ಜಾತ್ರೆ. 2019ರಲ್ಲಿ 60ನೇ ಕಲೋತ್ಸವ ಕಾಸರಗೋಡು ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಅಲ್ಲಿನ ಪಟ್ಟಿಯಲ್ಲಿ ಮಾಪಿಳ್ಳಪಾಟ್, ಒಪ್ಪನ, ದಫ್‌ಮುಟ್ಟ್, ಕೋಲ್ಕಳಿ ಇವೆ. ಕನ್ನಡದ ಮಕ್ಕಳಿಗಾಗಿ ಯಕ್ಷಗಾನ, ಕನ್ನಡ ಪದ್ಯ, ಕನ್ನಡ ಭಾಷಣವೂ ಇವೆ. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ಕಲೋತ್ಸವದಲ್ಲಿ ಮೊದಲ ಸಲ ಬುಡಕಟ್ಟು ಜನರ ಕಲೆಗಳನ್ನೂ ಸೇರಿಸಿದರು. ಕಾಸರಗೋಡಿನ ಮಾವಿಲ, ವೇಟ್ಟುವ ಸಮುದಾಯದವರ ಮಂಗಲಂಕಳಿ ಆ ಮೂಲಕ ರಾಜ್ಯದ ವೇದಿಕೆ ಹತ್ತಿತು.

ಇದರಿಂದ ಆದದ್ದೆಂತ? ಮದುವೆ ಮನೆಯ ಜಗಲಿಯಲ್ಲಿ ಇದ್ದ ಒಪ್ಪನ, ಉರೂಸಿನ ಅಂಗಳದಲ್ಲಿ ಇದ್ದ ದಫ್ ಇವಕ್ಕೆ ಶಾಲೆಯಲ್ಲಿ ಜಾಗ ಸಿಕ್ಕಿತು. ಕಲಿಸುವವರಿಗೆ ಕೆಲಸ ಸಿಕ್ಕಿತು. ಬೇರೆ ಧರ್ಮದ ಮಕ್ಕಳೂ ಅದನ್ನು ಕಲಿತರು. ಒಂದು ಕಲೆ ಬದುಕುವುದಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಅಲ್ಲಿನದ್ದು ಎಲ್ಲವೂ ಚಂದವೇ ಎಂದೇನಲ್ಲ. ಗ್ರೇಸ್ ಮಾರ್ಕಿಗಾಗಿ ಓಟ, ವೇಷಭೂಷಣಕ್ಕೆ ಸಾಲ, ತೀರ್ಪಿನ ಮೇಲೆ ಅಪೀಲು, ಕೋರ್ಟಿನ ತನಕ ಹೋದ ತಕರಾರುಗಳು ಕೂಡ ಅಲ್ಲಿ ಆಗಿವೆ. ಹಿಂದೆ ಕಲಾತಿಲಕಂ, ಕಲಾಪ್ರತಿಭಾ ಎಂದು ಒಬ್ಬ ಹುಡುಗಿಗೆ, ಒಬ್ಬ ಹುಡುಗನಿಗೆ ಪಟ್ಟ ಕಟ್ಟುವ ಕ್ರಮ ಇತ್ತು. ಪೈಪೋಟಿ ಅತಿಯಾದಾಗ ಅದನ್ನು ನಿಲ್ಲಿಸಿದರು. ಬಹುಮಾನವೇ ಗುರಿಯಾದರೆ ಕಲೆ ಹಿಂದೆ ಬೀಳುತ್ತದೆ ಎಂದು ಇಷ್ಟು ದೊಡ್ಡ ಕಲೋತ್ಸವ ನಡೆಸುವವರಿಗೇ ಗೊತ್ತಾಯಿತು. ನಾವೂ ಅದನ್ನು ನೋಡಿ ತಿಳಿದುಕೊಳ್ಳಬಹುದು.

ಹತ್ತನೇ ಕ್ಲಾಸಿನ ಗೋಡೆ

ನಮ್ಮ ಮನೆಗಳಲ್ಲಿ ಕಲೆ ನಿಲ್ಲುವ ಜಾಗ ಒಂದುಂಟು. ಒಂಬತ್ತನೇ ಕ್ಲಾಸು ಮುಗಿದ ಕೂಡಲೇ 'ಇನ್ನು ಸಾಕು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ' ಎಂಬ ಮಾತು ಬರುತ್ತದೆ. ಬಣ್ಣದ ಪೆಟ್ಟಿಗೆ ಅಟ್ಟ ಸೇರುತ್ತದೆ. ಹುಡುಗನಾದರೆ ಪಿಯುಸಿಯಲ್ಲಿ ಸೈನ್ಸು, ಆಮೇಲೆ ಕೋಚಿಂಗ್, ಆಮೇಲೆ ಗಲ್ಫ್. ಹುಡುಗಿಯಾದರೆ ಇನ್ನೂ ಮೊದಲೇ 'ದೊಡ್ಡವಳಾದಳು, ಇನ್ನು ಸ್ಟೇಜು ಎಂತಕ್ಕೆ' ಎಂಬ ಮಾತು. ಏಳನೇ ಕ್ಲಾಸಿನ ತನಕ ಕಥೆ ಹೇಳುವುದರಲ್ಲಿ ಪ್ರಥಮ ಬಂದವಳು ಎಂಟರಲ್ಲಿ ಪ್ರೇಕ್ಷಕಳು. ಬೈದು ನಿಲ್ಲಿಸುವುದಲ್ಲ, ಪ್ರೀತಿಯಲ್ಲೇ ನಿಲ್ಲಿಸುತ್ತೇವೆ. ಅದಕ್ಕೇ ಯಾರಿಗೂ ಅದು ನಷ್ಟ ಎಂದು ಅನ್ನಿಸುವುದಿಲ್ಲ.

ನಷ್ಟ ಎಷ್ಟು ದೊಡ್ಡದು ಎಂದು ತಿಳಿಯಲು ನಮ್ಮ ಸಾರಾ ಅಬೂಬಕ್ಕರ್ ಅವರ ಬದುಕು ನೋಡಿದರೆ ಸಾಕು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಮಾಧ್ಯಮದಲ್ಲಿ ಓದಿ, ಆ ಕಾಲಕ್ಕೆ ಅಲ್ಲಿನ ಮುಸ್ಲಿಂ ಹೆಣ್ಮಕ್ಕಳಲ್ಲಿ ಮೆಟ್ರಿಕ್ ಮುಗಿಸಿದ ಮೊದಲಿಗರಲ್ಲಿ ಒಬ್ಬರಾದರು. ಮುಂದೆ ಓದುವ ಆಸೆ ಇತ್ತು, ಆಗಲಿಲ್ಲ. ಮದುವೆ, ಮನೆ, ಮಕ್ಕಳು. ಅವರ ಮೊದಲ ಬರಹ ಲಂಕೇಶ್ ಪತ್ರಿಕೆಯಲ್ಲಿ ಬಂದದ್ದು 1981ರಲ್ಲಿ, ವಯಸ್ಸು 45ರ ಹತ್ತಿರ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಓದಿ ನಾಡು ಅವರನ್ನು ಗುರುತಿಸಿತು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಾವೆಲ್ಲಾ ಅಭಿಮಾನದಿಂದ ನೆನೆದೆವು. ಶಾಲೆ ಬಿಟ್ಟ ಮೇಲಿನ ಆ ಎರಡೂವರೆ ದಶಕಗಳಲ್ಲಿ ಪೆನ್ನು ಅವರ ಕೈಯಲ್ಲೇ ಇದ್ದಿದ್ದರೆ ಇನ್ನೆಷ್ಟು ಪುಸ್ತಕ ನಮಗೆ ಸಿಗುತ್ತಿತ್ತೋ ಎಂದು ಕೂಡ ನಾವು ಕೇಳಿಕೊಳ್ಳಬೇಕು.

ಇನ್ನೊಂದು ಬದಿಯ ಉದಾಹರಣೆ ಬಾನು ಮುಷ್ತಾಕ್. ಎಂಟನೇ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಶನರಿ ಶಾಲೆಗೆ ಸೇರಿಸಿದ್ದು ಆರು ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕು ಎಂಬ ಶರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಶಾಲೆಯಲ್ಲಿದ್ದಾಗಲೇ ಕಥೆ ಬರೆಯಲು ಕೈಹಾಕಿದರು. 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಅವರ ಕನ್ನಡದ ಕಥೆಗಳಿಗೂ ಅನುವಾದಿಸಿದ ದೀಪಾ ಭಾಸ್ತಿ ಅವರಿಗೂ ಸಿಕ್ಕಿತು. ಮಕ್ಕಳ ಪುಸ್ತಕಕ್ಕಾಗಿ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ, 2016ರಲ್ಲಿ 'ಸ್ವಾತಂತ್ರ್ಯದ ಓಟ'ಕ್ಕೆ ಅಕಾಡೆಮಿ ಪ್ರಶಸ್ತಿ ಪಡೆದ ಬೊಳುವಾರು ಮಹಮ್ಮದ್ ಕುಂಞಿ ನಮ್ಮ ಪುತ್ತೂರಿನವರೇ. ಅದೇ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಆಟ, ನಾಟಕ, ಕುಣಿತದ ಮೂಲಕ ಮಕ್ಕಳಿಗೆ ಕಲಿಸುವ ಪ್ರಯೋಗ ಮಾಡಿದ್ದರು. ಕಲೆ ಓದಿಗೆ ಅಡ್ಡಿ ಅಲ್ಲ ಎಂದು ನಮ್ಮ ಊರಿನ ಮಣ್ಣಿಗೆ ಗೊತ್ತಿದ್ದು 90 ವರ್ಷ ಆಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಹತ್ತನೇ ತರಗತಿಯ ತನಕ ಕಲೆ ಒಂದು ವಿಷಯವಾಗಿಯೇ ಇರಬೇಕು ಎಂದು ಹೇಳಿತ್ತು.

ಮನೆಯಲ್ಲಿ ನಾವು ಮಾಡಬಹುದಾದದ್ದು

ಮೊದಲನೆಯದ್ದು ನಮ್ಮ ಪ್ರಶ್ನೆ. ಸ್ಪರ್ಧೆ ಮುಗಿಸಿ ಬಂದ ಮಗುವಿಗೆ 'ಎಷ್ಟನೇ ಪ್ರೈಜು?' ಎಂದು ಕೇಳುತ್ತೇವೆ. ಅದರ ಬದಲು 'ಎಂತ ಬಿಡಿಸಿದೆ ಮಗಾ? ಒಮ್ಮೆ ಇಲ್ಲಿಯೂ ಬಿಡಿಸಿ ತೋರಿಸು' ಎಂದು ಕೇಳಿ ನೋಡಿ. ಬಹುಮಾನ ಬಾರದ ಮಗುವಿಗೂ ಆ ಪ್ರಶ್ನೆಗೆ ಉತ್ತರ ಉಂಟು. ಬಹುಮಾನ ಬಂದ ಮಗುವೂ ಕಪ್ಪಿನ ಗಾತ್ರ ಬಿಟ್ಟು ಕೆಲಸದ ಬಗ್ಗೆ ಮಾತಾಡುತ್ತದೆ.

ಎರಡನೆಯದ್ದು, ಖರ್ಚು. ಛದ್ಮವೇಷಕ್ಕೆ ಸಾವಿರ ಕೊಟ್ಟು ಬಾಡಿಗೆ ಡ್ರೆಸ್ ತಂದರೆ ಮಗು ಕಲಿತದ್ದು ಏನೂ ಇಲ್ಲ. ಹಳೆ ಸೀರೆ, ರಟ್ಟು, ತೆಂಗಿನ ಗರಿ ಇಟ್ಟುಕೊಂಡು ಮಗುವೇ ಮಾಡಿದರೆ ಅದು ಕಲೆ. ಮಣ್ಣಿನ ಮಾದರಿ, ಚಿತ್ರ ಮನೆಯವರು ಮಾಡಿಕೊಟ್ಟದ್ದಾದರೆ ತೀರ್ಪುಗಾರರಿಗೆ ಗೊತ್ತಾಗುತ್ತದೆ, ಅದಕ್ಕಿಂತ ಮೊದಲು ಮಗುವಿಗೆ ಗೊತ್ತಿರುತ್ತದೆ.

ಮೂರನೆಯದ್ದು, ಮುಂದಿನ ದಾರಿ. ಚಿತ್ರದಲ್ಲಿ ಆಸಕ್ತಿ ಇರುವ ಮಕ್ಕಳಿಗೆ ರಾಜ್ಯದ ಪರೀಕ್ಷಾ ಮಂಡಳಿ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳನ್ನು ನಡೆಸುತ್ತದೆ. ಹೈಸ್ಕೂಲಿನಲ್ಲಿರುವಾಗಲೇ ಬರೆಯಬಹುದು, ಶಾಲೆಯ ಚಿತ್ರಕಲಾ ಶಿಕ್ಷಕರಲ್ಲಿ ವಿಚಾರಿಸಿ. 9ರಿಂದ 12ನೇ ತರಗತಿಯವರಿಗೆ ಕೇಂದ್ರ ಸರಕಾರ 2015ರಿಂದ ನಡೆಸುವ ಕಲಾ ಉತ್ಸವ ಉಂಟು. ಪಿಯುಸಿ ಆದ ಮೇಲೆ ದೃಶ್ಯಕಲೆಯಲ್ಲೇ ಪದವಿ ಮಾಡಬಹುದು. ಮಂಗಳೂರಿನಲ್ಲಿ ಚಿತ್ರಕಲಾ ಕಾಲೇಜು ಉಂಟು, ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು. ಮಲಪನಗುಡಿಯ ಸೀಮೆಯಲ್ಲೇ, 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲೆಯ ವಿಭಾಗ ಇದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ದೇಶದ ದೊಡ್ಡ ಚಿತ್ರಕಾರರಾದದ್ದು ಇಲ್ಲಿಂದ ಹೋಗಿಯೇ. ಎಲ್ಲಾ ಮಕ್ಕಳೂ ಕಲಾವಿದರೇ ಆಗಬೇಕೆಂದು ನಾವು ಹೇಳುವುದಿಲ್ಲ. ಕಟ್ಟಡದ ನಕ್ಷೆ, ಬಟ್ಟೆಯ ವಿನ್ಯಾಸ, ಪತ್ರಿಕೆ, ಜಾಹೀರಾತು, ಅಂಗಡಿಯ ಬೋರ್ಡಿನ ತನಕ ಕಣ್ಣು ಪಳಗಿದವರಿಗೆ ಕೆಲಸ ಉಂಟು.

ನಾಲ್ಕನೆಯದ್ದು ನಮ್ಮದೇ ಭಾಷೆ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಆಯಿತು. 'ಬ್ಯಾರಿ' ಸಿನೆಮಾ 2011ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಆದರೆ ಉಮ್ಮಾಮನ ಹತ್ತಿರ ಇರುವ ಹಾಡು, ಒಗಟು, ಕಥೆಗಳನ್ನು ಬರೆದಿಡುವ ಕೆಲಸ ಅಕಾಡೆಮಿಯೊಂದರಿಂದಲೇ ಆಗದು. ಶಾಲೆಯ ಮಗು ಒಂದು ನೋಟ್‌ಬುಕ್ ಹಿಡಿದು ಅಜ್ಜಿಯ ಪಕ್ಕ ಕೂತರೆ ಆಗುತ್ತದೆ. ಆ ಕಥೆಯನ್ನೇ ಅದು ಮುಂದಿನ ಪ್ರತಿಭಾ ಕಾರಂಜಿಯಲ್ಲಿ ಕನ್ನಡದಲ್ಲಿ ಹೇಳಲಿ.

ಕೊನೆಗೆ ಶಾಲೆಯ ಮಾತು. ಎಸ್‌ಡಿಎಂಸಿ ಸಭೆಗೆ, ಪೋಷಕರ ಸಭೆಗೆ ಹೋದಾಗ ನಾವು ಗಣಿತದ ಮಾರ್ಕು ಕೇಳುತ್ತೇವೆ, ಇಂಗ್ಲಿಷ್ ಕೇಳುತ್ತೇವೆ. ಮುಂದಿನ ಸಭೆಯಲ್ಲಿ ಇನ್ನೂ ಎರಡು ಪ್ರಶ್ನೆ ಕೇಳುವ. ವಾರಕ್ಕೆ ಡ್ರಾಯಿಂಗ್ ಪೀರಿಯಡ್ ಎಷ್ಟು, ಅದರಲ್ಲಿ ಬೇರೆ ಪಾಠ ಮಾಡುವುದಿಲ್ಲ ಅಲ್ಲವಾ? ಎಂಟನೇ ಕ್ಲಾಸಿನ ನಂತರ ಎಷ್ಟು ಹೆಣ್ಮಕ್ಕಳು ಸ್ಪರ್ಧೆಗೆ ಹೆಸರು ಕೊಟ್ಟಿದ್ದಾರೆ? ಎರಡನೆಯ ಪ್ರಶ್ನೆಯ ಉತ್ತರ ಶಾಲೆಯ ಹತ್ತಿರ ಅರ್ಧ ಮಾತ್ರ ಇರುವುದು. ಉಳಿದ ಅರ್ಧ ನಮ್ಮ ಮನೆಯಲ್ಲೇ ಉಂಟು. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಗಳ ಹತ್ತಿರ ಆ ವಿಷಯ ಎತ್ತಿ ನೋಡಿ.